ಸದ್ದು ಅಡಗಿದ ಮೇಲಿನ ದಿನಗಳು

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಮಾತಿನ ಬಂಧುಗಳಿಗೆ,

ಸಿರುಮುಗೈಯ ಮಗ್ಗದ ಮನೆಗಳ ದೇವಾಂಗರಿಗೆ, ಕೊಯಮತ್ತೂರಿನ ಸುತ್ತಿನ ತೋಟಗಳಲ್ಲಿ ತಲೆತಲಾಂತರದಿಂದ ಇರುವ ಒಕ್ಕಲಿಗರಿಗೆ, ದಿಂಬಂ ಘಟ್ಟ ಇಳಿದು ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ದುಡಿಯಲು ಬಂದವರಿಗೆ, ಎಲ್ಲರಿಗೂ ಸೇರಿಸಿ ಈ ಪತ್ರ. ಅದರಲ್ಲೂ ಮುಖ್ಯವಾಗಿ ಸ್ಕಿಜೋಫ್ರೇನಿಯಾ ಎಂಬ ಕಾಯಿಲೆಯಿರುವ ಮಗನನ್ನೋ ಮಗಳನ್ನೋ ತಮ್ಮನನ್ನೋ ಮನೆಯಲ್ಲಿ ನೋಡಿಕೊಳ್ಳುತ್ತಿರುವವರಿಗೆ.

ನಿಮ್ಮಲ್ಲಿ ಬಹಳ ಮಂದಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಶಾಲೆ ಕಲಿತದ್ದೆಲ್ಲ ತಮಿಳಿನಲ್ಲಿ. ಅದಕ್ಕೇ ಓದಬಲ್ಲವರಲ್ಲಿ ಮೊದಲ ಕೋರಿಕೆ: ಇದನ್ನು ಓದಲಾರದವರಿಗೆ ಓದಿ ಹೇಳಿ. ನನ್ನ ಬರವಣಿಗೆಯ ಕನ್ನಡ ಒಗ್ಗದಿದ್ದರೆ ನಿಮ್ಮ ಮನೆಯ ಮಾತಿಗೆ ತಿರುಗಿಸಿಕೊಂಡು ಹೇಳಿ. ನಾನು ವೈದ್ಯನಲ್ಲ. ಈ ಕಾಯಿಲೆ ನಮ್ಮ ಬಳಗದೊಳಗೂ ಇದೆ. ಅಲ್ಲಿ ಕಂಡದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಹೇಳಬೇಕಾದ್ದು ಮುಖ್ಯವಾಗಿ ಒಂದೇ ಸಂಗತಿ. ಕಾಯಿಲೆ ಜೋರು ಮಾಡುವಾಗ, ಹುಡುಗ ರಾತ್ರಿಯೆಲ್ಲ ಕೂಗಾಡಿ ಬೀದಿಗೆ ಓಡುವಾಗ, ಮನೆಯೆಲ್ಲ ಎಚ್ಚರವಾಗಿರುತ್ತದೆ. ಆಸ್ಪತ್ರೆಗೆ ಸೇರಿಸಿ, ಮಾತ್ರೆ ಹಿಡಿದು, ಕೂಗಾಟ ನಿಂತು, ಅವನು ತೆಪ್ಪಗೆ ಒಂದು ಕಡೆ ಕುಳಿತಾಗ ಎಲ್ಲರೂ ಉಸ್ಸಪ್ಪಾ ಎಂದು ಕಾವಲು ಬಿಡುತ್ತಾರೆ. ಸಾಯಬೇಕೆಂಬ ಯೋಚನೆ ಬಹಳ ಸಲ ಗಟ್ಟಿಯಾಗುವುದು ಆ ಎರಡನೆಯ ಹೊತ್ತಿನಲ್ಲಿ.

ಎಚ್ಚರ ಯಾವಾಗ ಹೆಚ್ಚು ಬೇಕು ಎಂಬುದನ್ನು ಲೆಕ್ಕವೂ ಹೇಳುತ್ತದೆ. ಸ್ಕಿಜೋಫ್ರೇನಿಯಾ ಇರುವ 100 ಮಂದಿಯಲ್ಲಿ 10 ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆ ಎಂದು ಹಳೆಯ ವೈದ್ಯಕೀಯ ಪುಸ್ತಕಗಳು ಬಹಳ ಕಾಲ ಹೇಳಿಕೊಂಡು ಬಂದವು. 2005ರಲ್ಲಿ ಅಮೆರಿಕದ ಸಂಶೋಧಕರು ಹಿಂದಿನ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ಮತ್ತೆ ಎಣಿಸಿದಾಗ ಅದು ಸುಮಾರು 5ಕ್ಕೆ ಇಳಿಯಿತು. ಇಳಿದದ್ದೇಕೆ ಎಂಬುದು ನಮಗೆ ಮುಖ್ಯ. ಅಪಾಯ ಆಯುಸ್ಸಿನುದ್ದಕ್ಕೂ ಒಂದೇ ಸಮನೆ ಹರಡಿಕೊಂಡಿಲ್ಲ, ಕಾಯಿಲೆ ಶುರುವಾದ ಮೊದಲ ವರ್ಷಗಳಲ್ಲೇ ಒತ್ತಾಗಿ ಕೂಡಿಕೊಂಡಿದೆ. ಹಿಂದಿನವರು ಆ ಮೊದಲ ವರ್ಷಗಳ ಸಾವನ್ನು ಇಡೀ ಜೀವನಕ್ಕೆ ಹಿಗ್ಗಿಸಿ ಲೆಕ್ಕ ಹಾಕಿದ್ದರು. 5 ಎಂದರೂ ಅದು ಉಳಿದ ಜನರಿಗಿಂತ ಹಲವು ಪಟ್ಟು ಹೆಚ್ಚು. ಉಳಿದ 95 ಮಂದಿ ಹಾಗೆ ಸಾಯುವುದಿಲ್ಲ ಎಂಬುದೂ ಅದೇ ಲೆಕ್ಕದೊಳಗಿದೆ, ಅದನ್ನೂ ಮರೆಯಬೇಡಿ. ಮೊದಲ ಕೆಲವು ವರ್ಷ ದಾಟಿಸಿಬಿಟ್ಟರೆ ದಾರಿ ಎಷ್ಟೋ ಸಲೀಸು.

ಈ ಮಾತನ್ನು ನಿಮ್ಮ ಎರಡು ಜಿಲ್ಲೆಗಳವರಿಗೇ ಬರೆಯುವುದಕ್ಕೆ ಕಾರಣವಿದೆ. ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರದ 2022ರ ವರದಿಯಲ್ಲಿ ತಮಿಳುನಾಡಿನ ಆತ್ಮಹತ್ಯೆಗಳು 19,834. ಮಹಾರಾಷ್ಟ್ರ ಬಿಟ್ಟರೆ ದೇಶದಲ್ಲಿ ಅತಿ ಹೆಚ್ಚು ಇಲ್ಲೇ. ಡಾಲರ್ ಊರು ಎಂದು ಹೆಸರಾದ ತಿರುಪ್ಪೂರು 2010ರ ಆಸುಪಾಸಿನಲ್ಲಿ ಕಾರ್ಮಿಕರ ಆತ್ಮಹತ್ಯೆಗಳಿಂದಲೂ ಪತ್ರಿಕೆಗಳ ಪುಟ ಸೇರಿತ್ತು. ಆಗ ಸಾಲ, ಒಂಟಿತನ, ಬಾಡಿಗೆ ಕೋಣೆ, ಕುಡಿತ ಎಲ್ಲದರ ಮಾತೂ ಬಂತು. ಮಿದುಳಿನ ಕಾಯಿಲೆಯ ಮಾತು ಮಾತ್ರ ಅಷ್ಟಾಗಿ ಬರಲಿಲ್ಲ. ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 2015–16ರಲ್ಲಿ ತಮಿಳುನಾಡೂ ಸೇರಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸ್ಕಿಜೋಫ್ರೇನಿಯಾದಂಥ ಕಾಯಿಲೆಯಿರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ಸಿಕ್ಕಿಲ್ಲ.

ಈ ಕಾಯಿಲೆಯವರಿಗೆ ಸಾಯುವ ಯೋಚನೆ ಎಲ್ಲಿಂದ ಬರುತ್ತದೆ? ಎಲ್ಲರೂ ಮೊದಲು ಊಹಿಸುವುದು ಕಿವಿಯಲ್ಲಿ ಕೇಳುವ ದನಿಗಳನ್ನು. ಅದು ನಿಜವೂ ಹೌದು. ದನಿ ಕೆಲವರನ್ನು ಹೀಯಾಳಿಸುತ್ತದೆ, ನೀನು ಬದುಕಿ ಏನು ಪ್ರಯೋಜನ ಎನ್ನುತ್ತದೆ, ಕೆಲವರಿಗೆ ನೇರವಾಗಿ ಸಾಯಿ ಎಂದೇ ಹೇಳುತ್ತದೆ. ಕೇಳುವವರಿಗೆ ಅದು ಕಲ್ಪನೆಯಲ್ಲ. ನಾನು ಈಗ ಮಾತಾಡಿದರೆ ನಿಮಗೆ ಹೇಗೆ ಕೇಳುತ್ತದೋ ಹಾಗೆಯೇ ಕೇಳುತ್ತದೆ. 'ಅಲ್ಲಿ ಯಾರೂ ಇಲ್ಲವಲ್ಲಪ್ಪಾ' ಎಂದು ವಾದಿಸಿ ಗೆದ್ದವರಿಲ್ಲ.

ಆದರೆ ದನಿಯೆಲ್ಲ ಒಂದೇ ಬಗೆಯದಲ್ಲ. ಅಮೆರಿಕದ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಚೆನ್ನೈಯ ವೈದ್ಯರು ಸೇರಿ ಕ್ಯಾಲಿಫೋರ್ನಿಯಾ, ಘಾನಾದ ಅಕ್ರಾ ಮತ್ತು ಚೆನ್ನೈ, ಮೂರೂ ಕಡೆ ತಲಾ 20 ಮಂದಿ ರೋಗಿಗಳನ್ನು ಮಾತಾಡಿಸಿ 2015ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಮೆರಿಕದವರಿಗೆ ಕೇಳುತ್ತಿದ್ದದ್ದು ಹೆಚ್ಚಾಗಿ ಗುರುತಿಲ್ಲದವರ ಹಿಂಸೆಯ ಮಾತು. ಚೆನ್ನೈಯವರಲ್ಲಿ ಅನೇಕರಿಗೆ ಅಕ್ಕನೋ ಅತ್ತೆಯೋ ಸತ್ತುಹೋದ ತಂದೆಯೋ ಮಾತಾಡುತ್ತಿದ್ದರು: ಹೋಗಿ ಸ್ನಾನ ಮಾಡು, ಅಡಿಗೆ ಮಾಡು ಎಂದು ಗದರಿಸುತ್ತಿದ್ದರು. ದನಿಯೂ ಮನೆಯ ಸಂಸಾರದೊಳಗಿನಿಂದಲೇ ಬರುತ್ತದೆ ಅನ್ನಿ. ಹಾಗಿದ್ದ ಮೇಲೆ ದೇವಾಂಗರ ಮನೆಯ ಹುಡುಗನಿಗೆ ಕುಲದೇವತೆ ಚೌಡೇಶ್ವರಮ್ಮನ ದನಿ ಕೇಳಿದರೆ ಆಶ್ಚರ್ಯವೇನಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನವರಾತ್ರಿಯ ಕೊನೆಗೆ ಕೊಯಮತ್ತೂರಿನ ರಾಜಬೀದಿಯ ಚೌಡೇಶ್ವರಿಯ ಮೆರವಣಿಗೆಯಲ್ಲಿ ಗಂಡಸರು ಎದೆಗೆ ಕತ್ತಿ ತಾಗಿಸಿಕೊಳ್ಳುವ ಅಲಗು ಸೇವೆಯನ್ನು ನೋಡಿ ಹೊರಗಿನವರು ಬೆಚ್ಚುತ್ತಾರೆ. ಅದರ ಸರಿ ತಪ್ಪು ನನ್ನ ಇವತ್ತಿನ ವಿಷಯವಲ್ಲ. ಅಲ್ಲಿ ವ್ರತವಿದೆ, ಹಿರಿಯರಿದ್ದಾರೆ, ಕುಲವೆಲ್ಲ ಜೊತೆಗಿದೆ, ಗಾಯಕ್ಕೆ ಅರಿಶಿನದ ಪುಡಿಯಿದೆ, ಮಾರನೆಯ ದಿನ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ. ಒಬ್ಬ ಹುಡುಗ ಒಂಟಿಯಾಗಿ ಕೋಣೆಯಲ್ಲಿ ಕುಳಿತು, ಊಟ ನಿದ್ದೆ ಬಿಟ್ಟು, 'ಅಮ್ಮ ನನ್ನನ್ನು ಕರೆಯುತ್ತಿದ್ದಾಳೆ' ಎಂದರೆ ಅದನ್ನು ಭಕ್ತಿಯ ಸಾಲಿಗೆ ಸೇರಿಸಬೇಡಿ. ಮೈಮೇಲೆ ಬಂದಿದೆ ಎಂದು ಕೈಮುಗಿಯಬೇಡಿ. ಆ ಮಾತು ಕಿವಿಗೆ ಬಿದ್ದ ದಿನವೇ ವೈದ್ಯರಲ್ಲಿಗೆ ಹೊರಡಿ.

ಇನ್ನು ಕೆಲವರಿಗೆ ಭಯ. ತನ್ನನ್ನು ಹಿಡಿಯಲು ಪೊಲೀಸರು ಬರುತ್ತಿದ್ದಾರೆ, ತನ್ನಿಂದಾಗಿ ಮನೆಯವರನ್ನೆಲ್ಲ ಕೊಲ್ಲುತ್ತಾರೆ ಎಂಬ ಗಟ್ಟಿ ನಂಬಿಕೆ. ತಾನು ಹೋದರೆ ಇವರು ಉಳಿಯುತ್ತಾರೆ ಎಂದು ಲೆಕ್ಕ ಹಾಕುವವರಿದ್ದಾರೆ. ಹೊರಗಿನಿಂದ ನೋಡಿದರೆ ಹುಚ್ಚು ಮಾತು. ಒಳಗೆ ಅದು ಮನೆಯವರ ಮೇಲಿನ ಪ್ರೀತಿಯೇ, ದಾರಿ ತಪ್ಪಿದ ಪ್ರೀತಿ.

ಇವೆರಡೂ ಕಾಯಿಲೆಯ ಸದ್ದಿನ ದಿನಗಳ ಮಾತು. ಸದ್ದು ಅಡಗಿದ ಮೇಲಿನದ್ದು ಬೇರೆ, ಅದನ್ನು ನಾವು ಗುರುತಿಸುವುದೇ ಕಡಿಮೆ.

ಮಾತ್ರೆಯಿಂದ ದನಿ ನಿಲ್ಲುತ್ತದೆ, ತಲೆ ತಿಳಿಯಾಗುತ್ತದೆ. ತಿಳಿಯಾದ ತಲೆಗೆ ಮೊದಲು ಕಾಣುವುದೇನು? ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ನಿಂತುಹೋದ ಓದು. ಜೊತೆಯವರೆಲ್ಲ ಕೆಲಸಕ್ಕೆ ಸೇರಿ ಮದುವೆಯಾಗಿರುವುದು. ಆಸ್ಪತ್ರೆಗೆ ಹೋಗುವ ಮುಂಚೆ ತಾನು ಬೀದಿಯಲ್ಲಿ ನಿಂತು ಆಡಿದ ಮಾತು, ಅದನ್ನು ನೋಡಿದ ಅಕ್ಕಪಕ್ಕದವರ ಮುಖ. ಮಾತ್ರೆಗೆ ಊದಿಕೊಂಡ ಮೈ. ಅಡಿಗೆಮನೆಯಲ್ಲಿ ಅಮ್ಮ ಅತ್ತೆಗೆ ಪಿಸುಗುಡುವುದು: 'ನಾವಿರುವವರೆಗೆ ಸರಿ, ಆಮೇಲೆ ಇವನ ಗತಿ?' ಅವನಿಗೆ ಈಗ ಎಲ್ಲ ಅರ್ಥವಾಗುತ್ತದೆ. ವೈದ್ಯರು ಇದನ್ನು ಒಳ್ಳೆಯ ಲಕ್ಷಣವೆಂದೇ ಎಣಿಸುತ್ತಾರೆ: ತನಗೆ ಕಾಯಿಲೆಯಿದೆ ಎಂದು ರೋಗಿಗೆ ತಿಳಿಯತೊಡಗಿದೆ. ಆದರೆ ತಿಳಿವಳಿಕೆಯ ಹಿಂದೆಯೇ ಖಿನ್ನತೆ ಬಂದು ಕೂರಬಹುದು. ಗಂಡುಮಕ್ಕಳು, ಚಿಕ್ಕ ವಯಸ್ಸಿನವರು, ಚೆನ್ನಾಗಿ ಓದಿದವರು, ದೊಡ್ಡ ಕನಸಿಟ್ಟುಕೊಂಡಿದ್ದವರು, ಇವರಲ್ಲೇ ಆತ್ಮಹತ್ಯೆಯ ಅಪಾಯ ಹೆಚ್ಚು ಎಂದು ಒಂದಾದ ಮೇಲೊಂದು ಅಧ್ಯಯನ ತೋರಿಸಿದೆ. ಕಳೆದುಕೊಂಡದ್ದರ ಅಳತೆ ಅವರಿಗೆ ಸರಿಯಾಗಿ ಗೊತ್ತಿರುತ್ತದೆ.

ಇಷ್ಟಿದ್ದೂ ಮನೆಯವರಿಗೆ ಗೊತ್ತಾಗದೆ ಹೋಗುವುದು ಏಕೆಂದರೆ ಈ ಖಿನ್ನತೆ ಅಳುವುದಿಲ್ಲ. ಸ್ಕಿಜೋಫ್ರೇನಿಯಾ ಮನುಷ್ಯನನ್ನು ಹೇಗೂ ಮಂಕು ಮಾಡುತ್ತದೆ. ಮಾತು ಕಡಿಮೆ, ಮುಖದಲ್ಲಿ ಭಾವವಿಲ್ಲ, ಏಳುವ ಮನಸ್ಸಿಲ್ಲ. ಅದರೊಳಗೆ ದುಃಖವೂ ಸೇರಿಕೊಂಡರೆ ಹೊರಗೆ ಬೇರೆಯಾಗಿ ಕಾಣುವುದಿಲ್ಲ. ಎಲ್ಲರೂ ಅವನನ್ನು ಸೋಮಾರಿ ಅನ್ನುತ್ತಾರೆ. ಮಾತ್ರೆಯ ಮಂಪರು ಅನ್ನುತ್ತಾರೆ. ಒಂದು ಗುರುತು ಮಾತ್ರ ಹೇಳಬಲ್ಲೆ: ಬರೀ ಮಂಕಾಗಿರುವವನು ಮುಂದಿನದರ ಬಗ್ಗೆ ಏನೂ ಹೇಳುವುದಿಲ್ಲ. ಖಿನ್ನತೆ ಹೊಕ್ಕವನು ಎಲ್ಲೋ ಒಂದು ಮಾತು ಬಿಡುತ್ತಾನೆ. 'ನನ್ನಿಂದ ನಿಮಗೆಲ್ಲ ತೊಂದರೆ.' 'ನಾನಿಲ್ಲದಿದ್ದರೆ ತಂಗಿಗೆ ಒಳ್ಳೆಯ ಸಂಬಂಧ ಬರುತ್ತಿತ್ತು.' ಆ ಮಾತಿಗೆ 'ಥೂ, ಏನು ಮಾತು ಅಂತ ಆಡ್ತೀಯ' ಎಂದು ಬಾಯಿ ಮುಚ್ಚಿಸಿದರೆ ಎರಡನೆಯ ಸಲ ಅವನು ಆಡುವುದಿಲ್ಲ.

ಇನ್ನೊಂದು ಕಾರಣವಿದೆ, ಅದು ಮಾತ್ರೆಯ ಚೀಟಿಯಲ್ಲೇ ಅಡಗಿರುತ್ತದೆ. ಕೆಲವು ಔಷಧಗಳಿಂದ, ಅದರಲ್ಲೂ ಡೋಸು ಏರಿಸಿದ ಹೊಸತರಲ್ಲಿ, ಕೆಲವರಿಗೆ ಮೈಯೊಳಗೆ ಸಹಿಸಲಾಗದ ತಳಮಳ ಶುರುವಾಗುತ್ತದೆ. ವೈದ್ಯರು ಇದನ್ನು ಅಕಥಿಸಿಯಾ ಎನ್ನುತ್ತಾರೆ. ಕುಳಿತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು, ಕಾಲು ಒಂದೇ ಸಮನೆ ಅಲುಗುತ್ತದೆ, ಮನೆಯೊಳಗೇ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿರುತ್ತಾರೆ. ಮನೆಯವರು ಕಾಯಿಲೆ ಮರುಕಳಿಸಿತು ಎಂದುಕೊಂಡು ಇನ್ನೊಂದು ಮಾತ್ರೆ ಕೊಡುತ್ತಾರೆ, ತಳಮಳ ಇಮ್ಮಡಿಯಾಗುತ್ತದೆ. ಈ ಹಿಂಸೆಯಿಂದ ತಪ್ಪಿಸಿಕೊಂಡರೆ ಸಾಕು ಎಂದು ಸಾವಿನ ಯೋಚನೆಗೆ ಹೋದವರಿದ್ದಾರೆ. ಡೋಸು ಇಳಿಸಿಯೋ ಔಷಧ ಬದಲಿಸಿಯೋ ಇನ್ನೊಂದು ಮಾತ್ರೆ ಸೇರಿಸಿಯೋ ಇದನ್ನು ಸರಿಪಡಿಸಬಹುದು. ನಿಮ್ಮಷ್ಟಕ್ಕೇ ಮಾತ್ರೆ ನಿಲ್ಲಿಸಬೇಡಿ. ವೈದ್ಯರಿಗೆ 'ಕೂರಲಾಗುತ್ತಿಲ್ಲ' ಎಂಬ ಒಂದು ಮಾತು ಹೇಳಿ ಸಾಕು, ಅವರಿಗೆ ಗೊತ್ತಾಗುತ್ತದೆ.

ಇನ್ನು ತಿರುಪ್ಪೂರಿನ ದುಡಿಮೆಯ ವಿಷಯ. ಆರ್ಡರ್ ಮುಗಿಸುವ ದಿನಗಳಲ್ಲಿ ಒಂದೂವರೆ ಶಿಫ್ಟು, ಎರಡು ಶಿಫ್ಟು ನಡೆಯುವ ಊರು ಅದು. ನಿದ್ದೆಗೆಟ್ಟರೆ ಈ ಕಾಯಿಲೆ ತಿರುಗಿ ಬರುವುದು ಸುಲಭ. ರಾತ್ರಿಯ ಮಾತ್ರೆ ತೆಗೆದುಕೊಂಡರೆ ಬೆಳಿಗ್ಗೆ ಏಳಲಾಗುವುದಿಲ್ಲ, ಏಳದಿದ್ದರೆ ಕೂಲಿಯಿಲ್ಲ. ಆದ್ದರಿಂದ ಮಾತ್ರೆ ಬಿಡುತ್ತಾರೆ. ಸಂಜೆ ಟಾಸ್ಮ್ಯಾಕ್ ಮದ್ಯದಂಗಡಿಯ ಒಂದು ಕ್ವಾರ್ಟರ್ ಬೇರೆ. ಬಾಡಿಗೆ ಕೋಣೆಯಲ್ಲಿ ಜೊತೆಗಿರುವವನಿಗೆ ಇವನ ಕಾಯಿಲೆಯ ಹೆಸರೇ ಗೊತ್ತಿರುವುದಿಲ್ಲ. ಊರಿಂದ ಮಗನನ್ನು ಕೆಲಸಕ್ಕೆ ಕಳಿಸುವ ತಾಯ್ತಂದೆಯರೇ, ಜೊತೆಯ ಒಬ್ಬರಿಗಾದರೂ ವಿಷಯ ಹೇಳಿ ಕಳಿಸಿ. ಮೇಸ್ತ್ರಿಗಳೇ, ಇಂಥವರಿಗೆ ರಾತ್ರಿಪಾಳಿ ತಪ್ಪಿಸಿ, ಹಗಲಿನ ಚೆಕಿಂಗ್ ಕೆಲಸ ಕೊಡಿ. ದುಡಿಮೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಮಗ್ಗದ ಮನೆಗಳಲ್ಲಿ ಇಂಥ ಹುಡುಗರನ್ನು ಕಂಡಿಕೆ ಸುತ್ತಲು ಕೂರಿಸುತ್ತಾರಲ್ಲ, ಅದು ಎಷ್ಟೋ ಔಷಧಗಳಿಗೆ ಸಮ. ಕೂಲಿ ಅವನ ಕೈಗೇ ಕೊಟ್ಟರೆ ಇನ್ನೂ ಒಳ್ಳೆಯದು.

ಹೆಣ್ಣುಮಕ್ಕಳ ಸಂಕಟ ಬೇರೆಯೇ. ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ಕಾಯಿಲೆ ಮುಚ್ಚಿಟ್ಟು ತಾಳಿ ಕಟ್ಟಿಸುತ್ತೇವೆ. ಹೊಸ ಮನೆಯಲ್ಲಿ ಮಾತ್ರೆಯನ್ನು ಕದ್ದು ನುಂಗಬೇಕು, ನುಂಗಲಾಗದೆ ಬಿಡುತ್ತಾಳೆ, ಕಾಯಿಲೆ ಎದ್ದು ಕೂರುತ್ತದೆ, ಗಂಡ ತವರಿಗೆ ತಂದು ಬಿಟ್ಟುಹೋಗುತ್ತಾನೆ. ಸ್ಕಿಜೋಫ್ರೇನಿಯಾ ರೋಗಿಗಳಿಗಾಗಿಯೇ ಇರುವ ಚೆನ್ನೈಯ ಸ್ಕಾರ್ಫ್ ಸಂಸ್ಥೆಯ ಡಾ. ಆರ್. ತಾರಾ ಮತ್ತು ಜೊತೆಯವರು ಹೀಗೆ ಗಂಡಂದಿರು ಬಿಟ್ಟ ಹೆಂಗಸರ ಬಗ್ಗೆಯೇ ಅಧ್ಯಯನ ಮಾಡಿ 2003ರಲ್ಲಿ ಪ್ರಕಟಿಸಿದರು. ಕಾಯಿಲೆಯ ಕಳಂಕಕ್ಕಿಂತ ಗಂಡ ಬಿಟ್ಟವಳು ಎಂಬ ಕಳಂಕವೇ ಆ ಮನೆಗಳನ್ನು ಹೆಚ್ಚು ಸುಡುತ್ತಿತ್ತು ಎಂಬುದು ಅವರು ಕಂಡದ್ದು. ಅಂಥ ಮಗಳ ಎದುರು ಅವಳ ಮದುವೆಯ ಸಾಲದ ಲೆಕ್ಕ ತೆಗೆಯುವುದನ್ನು ದಯವಿಟ್ಟು ನಿಲ್ಲಿಸಿ.

ಈಗ, ಏನು ಮಾಡಬೇಕು ಎಂಬ ಮಾತು.

ಮೊದಲನೆಯದಾಗಿ, ಕೇಳಿ. 'ಸಾಯಬೇಕು ಅನ್ನಿಸುತ್ತಿದೆಯಾ?' ಎಂದು ನೇರವಾಗಿ, ನೀವು ಮನೆಯಲ್ಲಿ ಆಡುವ ಮಾತಿನಲ್ಲೇ ಕೇಳಿ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತೆ ಆಗುತ್ತದೆ ಎಂದು ಬಹಳ ಮಂದಿ ಹೆದರುತ್ತಾರೆ. ಹಾಗೆ ಆಗುವುದಿಲ್ಲ, ಕೇಳಿಸಿಕೊಂಡವರಿಗೆ ಎದೆಯ ಭಾರ ಇಳಿಯುತ್ತದೆ ಎಂಬುದೇ ಸಂಶೋಧಕರ ಅನುಭವ. 'ದನಿ ಏನಾದರೂ ಮಾಡು ಅಂತ ಹೇಳುತ್ತಿದೆಯಾ?' ಎಂದೂ ಕೇಳಿ. ಆಸ್ಪತ್ರೆಯಲ್ಲಿ ವೈದ್ಯರು ತಮಿಳಿನಲ್ಲಿ ಇದೇ ಪ್ರಶ್ನೆ ಕೇಳಿದಾಗ ತಲೆ ಅಲ್ಲಾಡಿಸಿ ಇಲ್ಲ ಎಂದವನು ಅವ್ವನ ಹತ್ತಿರ ಮನೆಮಾತಿನಲ್ಲಿ ಹೌದು ಎನ್ನಬಹುದು. ಹಾಗಾದಾಗ ಆ ಉತ್ತರವನ್ನು ವೈದ್ಯರಿಗೆ ಮುಟ್ಟಿಸುವುದು ನಿಮ್ಮ ಕೆಲಸ.

ಹೌದು ಎಂದರೆ? ಬೈಯಬೇಡಿ, ಅಳಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ಹೇಳಿದ್ದು ಒಳ್ಳೆಯದಾಯಿತು ಎನ್ನಿ. ಒಂಟಿಯಾಗಿ ಬಿಡಬೇಡಿ, ರಾತ್ರಿಯೂ. ಮಾತ್ರೆಯ ಡಬ್ಬಿ ನಿಮ್ಮ ವಶದಲ್ಲಿರಲಿ, ಹೊತ್ತುಹೊತ್ತಿಗೆ ಅಷ್ಟಷ್ಟೇ ಕೊಡಿ. ತೋಟದ ಮನೆಯವರು ಹೊಲಕ್ಕೆ ಹೊಡೆಯುವ ಔಷಧವನ್ನು ಮನೆಯಲ್ಲಿಡುವುದೇ ಬೇಡ, ಬೇರೆ ಕಡೆ ಬೀಗ ಹಾಕಿಡಿ. ಸಾಯುವವನು ಹೇಗೂ ಸಾಯುತ್ತಾನೆ, ಬೀಗದಿಂದ ಏನಾದೀತು ಎನ್ನುವವರಿಗೆ ಒಂದು ಮಾತು: ಸಾಯಬೇಕೆಂಬ ಒತ್ತಡ ತುದಿಗೇರುವ ಹೊತ್ತು ಬಹಳ ಸಲ ಗಂಟೆಗಳ, ಕೆಲವೊಮ್ಮೆ ನಿಮಿಷಗಳ ಲೆಕ್ಕದ್ದು. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಹೊತ್ತು ಕಳೆದುಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಬೆಳಗಾಗಲಿ ನೋಡೋಣ ಎಂದು ಕಾಯದೆ ಕೊಯಮತ್ತೂರಿನ ಜಿ.ಎಚ್.ಗೋ ತಿರುಪ್ಪೂರಿನ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಕರೆದುಕೊಂಡು ಹೋಗಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ಹೋಗದವರಿದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು, ಅವರನ್ನು ಶಿಕ್ಷಿಸುವಂತಿಲ್ಲ. ಆರೈಕೆ ಕೊಡುವುದು ಸರಕಾರದ ಕರ್ತವ್ಯ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಯೇ ಹೋಗಿ, ಅದರ ಜೊತೆ ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆನ್ನುತ್ತಿದ್ದ 309ನೆಯ ಕಲಮೂ ಹೋಯಿತು.

ಔಷಧದ ಬಗ್ಗೆ ಒಂದು ವಿಷಯ ನಿಮಗೆ ತಿಳಿದಿರಲಿ, ಏಕೆಂದರೆ ಇದನ್ನು ನೀವಾಗಿ ಕೇಳಬೇಕಾಗಬಹುದು. ಕ್ಲೋಜಪಿನ್ ಎಂಬ ಮಾತ್ರೆಯಿದೆ. 11 ದೇಶಗಳ 980 ರೋಗಿಗಳನ್ನು ಎರಡು ವರ್ಷ ಗಮನಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆತ್ಮಹತ್ಯೆಯ ಅಪಾಯವಿದ್ದ ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ ಓಲಾಂಜಪಿನ್ ಎಂಬ ಇನ್ನೊಂದು ಮಾತ್ರೆಗಿಂತ ಇದು ಹೆಚ್ಚು ಜನರನ್ನು ಅಂಥ ಪ್ರಯತ್ನಗಳಿಂದ ತಡೆಯಿತು. ಅಮೆರಿಕದ ಔಷಧ ಇಲಾಖೆ ಈ ಉಪಯೋಗಕ್ಕೂ ಅದಕ್ಕೆ ಒಪ್ಪಿಗೆ ಕೊಟ್ಟಿದೆ. ಆದರೆ ಇದು ಸುಮ್ಮನೆ ನುಂಗುವ ಮಾತ್ರೆಯಲ್ಲ. ಬಹಳ ಕಡಿಮೆ ಜನರಲ್ಲಾದರೂ ರಕ್ತದ ಬಿಳಿಕಣಗಳು ಅಪಾಯದ ಮಟ್ಟಕ್ಕೆ ಇಳಿಯುತ್ತವೆ. ಅದಕ್ಕೇ ಮೊದಲ ತಿಂಗಳುಗಳಲ್ಲಿ ವಾರವಾರವೂ ರಕ್ತಪರೀಕ್ಷೆ. ವಾರಕ್ಕೊಂದು ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಓಡಾಡುವುದು ಬಡವರ ಮನೆಗೆ ಸಣ್ಣ ಮಾತಲ್ಲ, ನನಗೆ ಗೊತ್ತು. ಆದರೂ ಎರಡು ಮೂರು ಔಷಧ ಬದಲಿಸಿದ ಮೇಲೂ ಸಾವಿನ ಯೋಚನೆ ಬಿಡದಿದ್ದರೆ, ಇದು ನಮ್ಮವನಿಗೆ ಆಗಬಹುದೇ ಎಂದು ವೈದ್ಯರನ್ನು ಕೇಳಿ ನೋಡಿ.

ದೇವಸ್ಥಾನದ ಮಾತು ಬಿಡುವ ಹಾಗಿಲ್ಲ. ಯಾರೋ ಮಾಟ ಮಾಡಿಸಿದ್ದಾರೆ ಎಂದು ಆನೈಮಲೈಯ ಮಾಸಾಣಿಯಮ್ಮನಲ್ಲಿಗೆ ಹೋಗಿ ಮೆಣಸಿನಕಾಯಿ ಅರೆದು ಬರುವವರಿದ್ದಾರೆ. ಹೋಗಬೇಡಿ ಎನ್ನಲಾರೆ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನಿಮ್ಹಾನ್ಸ್‌ನ ಡಾ. ರಘುರಾಮ್ ಮತ್ತು ಜೊತೆಯವರು ದಿಂಡಿಗಲ್ ಕಡೆಯ ಒಂದು ಹಳ್ಳಿಯ ಗುಡಿಯಲ್ಲಿ ತಂಗಿದ್ದ ತೀವ್ರ ಮಾನಸಿಕ ಕಾಯಿಲೆಯವರನ್ನು ಅಳೆದು ನೋಡಿದಾಗ, ಔಷಧವಿಲ್ಲದೆಯೂ ಕೆಲವು ವಾರಗಳಲ್ಲಿ ಅವರ ಸ್ಥಿತಿ ಸುಮಾರು ಐದನೆಯ ಒಂದು ಪಾಲಿನಷ್ಟು ಸುಧಾರಿಸಿತ್ತು. ಅಲ್ಲಿ ಯಾರೂ ಅವರನ್ನು ಗದರಿಸುತ್ತಿರಲಿಲ್ಲ, ಕೈಲಾದ ಸಣ್ಣಪುಟ್ಟ ಕೆಲಸ ಮಾಡಿಕೊಂಡು ಎಲ್ಲರ ನಡುವೆ ಇದ್ದರು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ರೋಗಿಗಳನ್ನಿಟ್ಟಿದ್ದ ಆಶ್ರಮಕ್ಕೆ 2001ರ ಆಗಸ್ಟ್ 6ರ ಬೆಳಗಿನ ಜಾವ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ರೋಗಿಗಳು ಸತ್ತರು. ಈಗ ಯಾವ ಬಗೆಯಲ್ಲೂ ಸರಪಳಿ ಹಾಕುವುದು ಕಾನೂನಿಗೆ ವಿರುದ್ಧ. ಅಮ್ಮನ ಗುಡಿಗೆ ಹೋಗುವಾಗ ಮಾತ್ರೆಯ ಚೀಲವೂ ಜೊತೆಗಿರಲಿ, ಕಟ್ಟಿಹಾಕುವ ಜಾಗದಲ್ಲಿ ಮಾತ್ರ ಒಂದು ರಾತ್ರಿಯೂ ಬಿಟ್ಟು ಬರಬೇಡಿ.

ಗುಣವಾಗುತ್ತದೆ ಎಂಬುದು ಸುಳ್ಳು ಸಮಾಧಾನವಲ್ಲ. ಮಂಗಳೂರಿನಲ್ಲಿ ಹುಟ್ಟಿದ ಡಾ. ಶಾರದಾ ಮೆನನ್ ದೇಶದ ಮೊದಲ ಮಹಿಳಾ ಮನೋವೈದ್ಯೆ. ಚೆನ್ನೈಯ ಕೀಳ್‌ಪಾಕ್ಕಂ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥೆಯಾಗಿದ್ದು ನಿವೃತ್ತರಾದ ಮೇಲೆ 1984ರಲ್ಲಿ ಸ್ಕಾರ್ಫ್ ಕಟ್ಟಿದರು. ಚೆನ್ನೈಯ ವೈದ್ಯರು ಕಾಯಿಲೆ ಹೊಸದಾಗಿ ಶುರುವಾದ 90 ಮಂದಿಯನ್ನು 1981ರಿಂದ ಎರಡು ದಶಕಕ್ಕೂ ಮೇಲ್ಪಟ್ಟು ಹಿಂಬಾಲಿಸಿ ನೋಡಿದ್ದಾರೆ: ಅವರಲ್ಲಿ ಕೆಲಸ ಹಿಡಿದವರು, ಸಂಸಾರ ನಡೆಸಿದವರು ಬಹಳ ಮಂದಿ. ಕರ್ನಾಟಕದ ತೀರ್ಥಹಳ್ಳಿ ತಾಲೂಕಿನಲ್ಲಿಯೂ 2005ರಿಂದ ನಿಮ್ಹಾನ್ಸ್‌ನವರು ಹಳ್ಳಿಹಳ್ಳಿಗೆ ಹೋಗಿ ಇಂಥ ರೋಗಿಗಳನ್ನು ಹುಡುಕಿ ಔಷಧ ಕೊಟ್ಟು, ವರ್ಷಗಟ್ಟಲೆ ಮೂಲೆ ಹಿಡಿದವರೂ ಮತ್ತೆ ತೋಟದ ಕೆಲಸಕ್ಕೆ ಇಳಿಯಬಲ್ಲರೆಂದು ತೋರಿಸಿದರು.

ಕೊನೆಗೆ ನೆಂಟರು, ನೆರೆಯವರು, ದೇವಸ್ಥಾನದ ಹಿರಿಯರಿಗೆ ಒಂದು ಮಾತು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಒಂದೆರಡು ವಾರವೇ ಎಲ್ಲಕ್ಕಿಂತ ಅಪಾಯದ ಕಾಲ ಎಂದು ಬ್ರಿಟನ್ನಿನಲ್ಲಿ ಬಹಳ ವರ್ಷಗಳಿಂದ ಇಟ್ಟಿರುವ ದಾಖಲೆಗಳು ಹೇಳುತ್ತವೆ. ಮೂಳೆ ಮುರಿದು ಬಂದವನನ್ನು ನೋಡಲು ಹಣ್ಣು ಹಿಡಿದು ಸಾಲುಗಟ್ಟುವ ನಾವು ಇವನ ಮನೆಯ ಕಡೆ ತಲೆ ಹಾಕುವುದಿಲ್ಲ. ಏನು ಮಾತಾಡುವುದು ಎಂಬ ಮುಜುಗರ. ಏನೂ ಬೇಡ, ಹೋಗಿ ಕಾಫಿ ಕುಡಿದು ಬನ್ನಿ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈಯೂ ಸೇರಿ ಐದು ದೇಶಗಳ ಐದು ಊರುಗಳಲ್ಲಿ ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆಗೆ ಬಂದ 1,867 ಮಂದಿಯ ಮೇಲೆ ನಡೆಸಿದ ಅಧ್ಯಯನ 2008ರಲ್ಲಿ ಬಂತು. ಅವರೆಲ್ಲ ಸ್ಕಿಜೋಫ್ರೇನಿಯಾದವರಲ್ಲ, ಆದರೆ ಪಾಠ ಎಲ್ಲರಿಗೂ ಸಲ್ಲುತ್ತದೆ. ಅರ್ಧ ಮಂದಿಗೆ ಮಾಮೂಲು ಚಿಕಿತ್ಸೆ. ಉಳಿದ ಅರ್ಧಕ್ಕೆ ಅದರ ಜೊತೆ ಒಂದು ಗಂಟೆಯ ಮಾತುಕತೆ, ಆಮೇಲೆ 18 ತಿಂಗಳಲ್ಲಿ 9 ಸಲ ಫೋನೋ ಭೇಟಿಯೋ, ಹೇಗಿದ್ದೀರಿ ಎಂಬ ವಿಚಾರಣೆ. ಮೊದಲ ಗುಂಪಿನಲ್ಲಿ 18 ಮಂದಿ ಆತ್ಮಹತ್ಯೆಯಿಂದ ಸತ್ತರು, ಎರಡನೆಯದರಲ್ಲಿ ಇಬ್ಬರು.

ಚೌಡೇಶ್ವರಿ ಗುಡಿಯ ಫಲಕದಲ್ಲಿ, ನೇಕಾರರ ಸಹಕಾರ ಸಂಘದಲ್ಲಿ, ಬನಿಯನ್ ಕಂಪನಿಯ ಗೇಟಿನಲ್ಲಿ ಎರಡು ಸಹಾಯವಾಣಿಗಳ ನಂಬರು ಬರೆಸಿ ಹಾಕಿ. ಒಂದು ಟೆಲಿ ಮಾನಸ್, 14416: 2022ರ ಅಕ್ಟೋಬರಿನಿಂದ ಕೇಂದ್ರ ಸರಕಾರ ನಡೆಸುತ್ತಿದೆ, ಹಗಲೂ ರಾತ್ರಿಯೂ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡವನ್ನೂ ತಮಿಳನ್ನೂ ಆರಿಸಿಕೊಳ್ಳಬಹುದು. ಇನ್ನೊಂದು ಚೆನ್ನೈಯ ಸ್ನೇಹಾ, 044–24640050: ಡಾ. ಲಕ್ಷ್ಮಿ ವಿಜಯಕುಮಾರ್ 1986ರಲ್ಲಿ ಶುರುಮಾಡಿದ್ದು. ಮನೆಯವರೂ ಕರೆ ಮಾಡಬಹುದು. ಇದನ್ನು ಓದುತ್ತಿರುವ, ಅಥವಾ ಕೇಳಿಸಿಕೊಳ್ಳುತ್ತಿರುವ ನಿಮಗೇ ಸಾಯುವ ಯೋಚನೆ ಇದ್ದರೆ ಈ ಪತ್ರ ಮಡಿಸಿಟ್ಟು ಈಗಲೇ ಕರೆ ಮಾಡಿ, ಪಕ್ಕದಲ್ಲಿರುವ ಒಬ್ಬರಿಗೆ ಹೇಳಿ.

ನಿಮ್ಮ ಬೀದಿಯಲ್ಲಿ ಈಚೆಗೆ ಆಸ್ಪತ್ರೆಯಿಂದ ಮನೆಗೆ ಬಂದವರು ಯಾರಾದರೂ ಇದ್ದರೆ ಈ ವಾರವೇ ಒಮ್ಮೆ ಹೋಗಿ ನೋಡಿ ಬನ್ನಿ. ಮುಂದಿನ ವಾರವೂ ಹೋಗಿ.

ನಿಮ್ಮವನೇ ಒಬ್ಬ